ನೀವು ಬೀಗ ಹಾಕಿದ ಖಾಲಿ ಮನೆಯೊಳಗಿಂದ

ವಸತಿ ಭದ್ರತಾ ವಿಭಾಗದ ಮುಖ್ಯಾಧಿಕಾರಿಗಳೇ,

‘ಬೀಗ ಬಿದ್ದ ಮನೆಯೊಳಗೆ ಗಡಿಯಾರವೊಂದೇ ಸಂಸಾರಿ’ ಎಂದೋ ಏನೋ ಒಂದು ಸಾಲು ಕಾಲೇಜಿನ ದಿನಗಳಿಂದ ನನ್ನ ತಲೆಯಲ್ಲಿದೆ. ಬರೆದವರು ಯಾರೆಂಬುದು ಮರೆತಿದೆ. ಯಾರೇ ಆಗಲಿ, ಬೀಗದ ಹೊರಗೆ ನಿಂತೇ ಬರೆದಿರಬೇಕು ಎಂಬ ಅನುಮಾನ ಕಳೆದ ವಾರ ಬಲವಾಯಿತು. ನಾಲ್ಕು ದಿನಗಳ ಸಾಲು ರಜೆಯ ಮೊದಲ ಬೆಳಿಗ್ಗೆ ನಿಮ್ಮ ಸಿಬ್ಬಂದಿ ನಮ್ಮ ಗೇಟಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದಾಗ, ಒಳಗೆ ಗಡಿಯಾರದ ಜೊತೆ ನಾನೂ ಇದ್ದೆ. ತಲೆಗೆ ಸ್ನಾನ ಮಾಡುತ್ತಿದ್ದೆ.

ತಪ್ಪು ನಮ್ಮದೂ ಇದೆ. ಊರಿಗೆ ಹೊರಟವರ ಮನೆಗೆ ಬೀಗ ಹಾಕಿ ನಿಗಾ ಇಡುವ ನಿಮ್ಮ ‘ನಿಶ್ಚಿಂತ ರಜೆ’ ಯೋಜನೆಯ ಅರ್ಜಿಯನ್ನು ನನ್ನ ಯಜಮಾನರು ತುಂಬಿದ್ದರು. ಹೊರಡುವವರು: ಮೂವರು. ಉಳಿಯುವವರ ಬಗ್ಗೆ ನಿಮ್ಮ ಅರ್ಜಿ ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಉಳಿದದ್ದು ಅಮ್ಮನಿಗಾಗಿ. ಅವಳಿಗೆ ಆಗಷ್ಟೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದು ಕಣ್ಣು ಹೆಸರಿಗೆ ಮಾತ್ರ. ದಿನಕ್ಕೆ ನಾಲ್ಕು ಸಲ ಔಷಧದ ಹನಿ ಬೀಳಲೇಬೇಕು, ಸೋಂಕಾದರೆ ಇದ್ದೊಂದು ಕಣ್ಣೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅಮ್ಮ ಇರುವುದು ಪಕ್ಕದ ಬೀದಿಯ ತಮ್ಮನ ಮನೆಯಲ್ಲಿ. ಅವನ ಸಂಸಾರವೂ ನಮ್ಮವರ ಜೊತೆಗೇ ಪ್ರವಾಸ ಹೊರಟಿತ್ತು. ಹನಿಯ ಸೀಸೆ ನನ್ನ ಫ್ರಿಜ್ಜಿನಲ್ಲಿತ್ತು. ನಾನು ನಿಮ್ಮ ಬೀಗದೊಳಗಿದ್ದೆ.

ಸಹಾಯವಾಣಿಗೆ ಫೋನ್ ಮಾಡಿದೆ. ಎತ್ತಿದ್ದು ಒಬ್ಬ ಹೆಣ್ಣುಮಗಳು.

“ಮೇಡಂ, ಆ ಮನೇಲಿ ಯಾರೂ ಇಲ್ವಲ್ಲ.”

“ನಾನಿದ್ದೀನಿ.”

“ನೀವು ಹೇಗೆ ಒಳಗೆ ಹೋದ್ರಿ?”

ಮದುವೆಯಾಗಿ, ಎಂದೆ. ಆಕೆ ಅದನ್ನು ಬರೆದುಕೊಂಡರೋ ಇಲ್ಲವೋ ತಿಳಿಯದು. ಬೀಗದ ಕೈ ಕಚೇರಿಯ ಕಪಾಟಿನಲ್ಲಿದೆ, ಕಪಾಟಿನ ಕೈ ಗುಮಾಸ್ತರ ಜೇಬಿನಲ್ಲಿದೆ, ಗುಮಾಸ್ತರು ರಜೆಯಲ್ಲಿದ್ದಾರೆ ಎಂದರು. ಗುಮಾಸ್ತರ ಫೋನು ನಾಲ್ಕು ದಿನವೂ ಬಂದ್. ಆಮೇಲೆ ನಿಮ್ಮ ಕರಪತ್ರ ತೆಗೆದು ನೋಡಿದೆ. ಏಳನೆಯ ಸಲಹೆ: ‘ರಜೆಯಲ್ಲಿ ಮೊಬೈಲ್ ಬದಿಗಿಟ್ಟು ಕುಟುಂಬದೊಂದಿಗೆ ಕಾಲ ಕಳೆಯಿರಿ.’ ಇಡೀ ಊರಿನಲ್ಲಿ ಅದನ್ನು ಪಾಲಿಸಿದವರು ಅವರೊಬ್ಬರೇ ಇರಬೇಕು.

ಗೋಡೆ ಹಾರಬಾರದಿತ್ತೇ ಎಂದು ಕೇಳುತ್ತೀರಿ. ಹೋದ ವರ್ಷದ ನಿಮ್ಮ ಸಲಹೆಯಂತೆ ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದ್ದೇವೆ, ಗೇಟಿನ ತುದಿಗೆ ಈಟಿಯ ಮೊನೆ ಕೂರಿಸಿದ್ದೇವೆ. ಬೀಗ ಒಡೆಯೋಣವೆಂದರೆ ಗಸ್ತಿಗೆ ಬಂದ ನಿಮ್ಮ ಪೇದೆ, “ಸರ್ಕಾರಿ ಬೀಗ ಮೇಡಂ, ಕೇಸಾಗುತ್ತೆ,” ಎಂದ. ಹಾಗೆಂದವನೇ ಪುಸ್ತಕದಲ್ಲಿ ‘ಮನೆ ಖಾಲಿ, ಭದ್ರ’ ಎಂದು ಬರೆದ.

“ನಾನು ಕಾಣಿಸ್ತಾ ಇಲ್ವೇನಪ್ಪಾ?”

“ಕಾಣಿಸ್ತೀರಿ. ಬರೆಯೋಕೆ ಕಾಲಂ ಇಲ್ಲ.”

ಮಾನ್ಯರೇ, ಕಳ್ಳ ಬಂದಿದ್ದರೆ ಕನಿಷ್ಠ ಬೀಗವನ್ನಾದರೂ ಒಡೆಯುತ್ತಿದ್ದ.

ಕೊನೆಗೆ ದಾರಿ ತೋರಿಸಿದ್ದು ಎದುರುಮನೆಯ ಟೈಲರಮ್ಮ. ನಿಮಗೆ ಹೋಗಲಾಗದಿದ್ದರೆ ಅಮ್ಮನನ್ನೇ ಕರೆತರುತ್ತೇನೆ ಎಂದು ಹೋಗಿ, ಕಪ್ಪು ಕನ್ನಡಕದ ಅಮ್ಮನನ್ನು ಕೈಹಿಡಿದು ನಡೆಸಿಕೊಂಡು ಬಂದಳು. ಸೀಸೆಯನ್ನು ಗೇಟಿನ ಸರಳುಗಳ ನಡುವಿನಿಂದ ಟೈಲರಮ್ಮನಿಗೆ ದಾಟಿಸಲು ಹೋದರೆ ಅಮ್ಮ ಹಿಂದೆ ಸರಿದಳು. “ದಿನವಿಡೀ ಸೂಜಿ ಹಿಡಿಯೋ ಕೈ. ಕಣ್ಣ ಹತ್ತಿರ ಬೇಡಮ್ಮ.”

“ನಿಮ್ಮ ರವಿಕೆ ಹೊಲಿಯೋವಾಗ ಈ ಕೈ ಚೆನ್ನಾಗಿತ್ತು,” ಎಂದು ಟೈಲರಮ್ಮ ನಕ್ಕಳು.

ಹೀಗೆ ಅಮ್ಮ ಕನ್ನಡಕ ತೆಗೆದು, ಗೇಟಿಗೆ ಒತ್ತಿ ನಿಂತು ಮುಖ ಮೇಲೆತ್ತಿದಳು. ನಾನು ಸರಳುಗಳ ನಡುವೆ ಕೈ ತೂರಿಸಿ, ಅವಳ ಗದ್ದ ಹಿಡಿದು, ಹನಿ ಹಾಕಿದೆ. ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ. ಅಮ್ಮನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷಗಳಾಗಿದ್ದವೋ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬರು ಫೋಟೊ ತೆಗೆದರು. ಎರಡನೆಯ ದಿನದಿಂದ ನಿಮ್ಮ ಪೇದೆಯೇ ಬಿಸಿಲಿಗೆ ಛತ್ರಿ ಹಿಡಿದ. ಅದನ್ನು ಬರೆಯಲೂ ಕಾಲಂ ಇರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಶಿಕ್ಷೆ ಕೊಡಬೇಡಿ.

ಕಣ್ಣು ಉಳಿಯಿತು. ನಿನ್ನೆ ಡಾಕ್ಟರು ನೋಡಿ ಚೆನ್ನಾಗಿದೆ ಎಂದರು. ಆದರೆ ಅದು ಉಳಿದದ್ದು ನಿಮ್ಮ ಯೋಜನೆಯಿಂದಲೋ, ನಮ್ಮ ಗೇಟಿನ ಸರಳುಗಳು ಒಂದು ಕೈ ತೂರುವಷ್ಟು ದೂರವಿದ್ದುದರಿಂದಲೋ? ತಗಡು ಹೊದಿಸಿದ ಗೇಟುಗಳ ಹಿಂದೆ ಇರುವವರು ಏನು ಮಾಡಬೇಕು? ಸುರಕ್ಷತೆಯೆಂದರೆ ಮನೆಯನ್ನು ಕಾಯುವುದೋ, ಮನೆಯವರನ್ನೋ?

ಮುಂದಿನ ಸಾಲು ರಜೆಗೆ ಮುನ್ನ ಅರ್ಜಿಯಲ್ಲಿ ‘ಉಳಿಯುವವರು’ ಎಂದು ಒಂದು ಸಾಲು ಸೇರಿಸಿ. ಬೀಗ ಜಡಿಯುವ ಮೊದಲು ಕರೆಗಂಟೆ ಒತ್ತಿ, ತಲೆ ಒರೆಸಿಕೊಂಡು ಬರುವಷ್ಟು ಹೊತ್ತು ಕಾಯಿರಿ. ಬೀಗದ ಕೈ ಕೆಲಸದ ಮೇಲಿರುವವರ ಬಳಿ ಇರಲಿ.

ಇಂತಿ,
ನಾಲ್ಕು ದಿನ ಅತ್ಯಂತ ಸುರಕ್ಷಿತವಾಗಿದ್ದ ಒಬ್ಬಳು

ಮರೆತಿದ್ದೆ: ಈ ಪತ್ರ ಮಡಚುವಾಗ ಟೈಲರಮ್ಮ ಬಾಗಿಲಿಗೆ ಬಂದಿದ್ದಳು. ಇಷ್ಟುದ್ದ ಯಾರಿಗೆ ಬರೆದಿರಿ ಎಂದು ಕೇಳಿದಳು. ಹೇಳಿದೆ. ಅವಳು ದನಿ ತಗ್ಗಿಸಿ ಹೇಳಿದಳು: “ಅಕ್ಕಾ, ಅದನ್ನ ಒಂದು ತಿಂಗಳು ತಡೆದು ಕಳಿಸಿ. ಮುಂದಿನ ರಜೆಗೆ ನಾನು ತಂಗಿ ಮನೆಗೆ ಹೋಗ್ತೀನಿ, ನಮ್ಮೆಜಮಾನ್ರು ಇಲ್ಲೇ ಇರ್ತಾರೆ. ನಾಲ್ಕು ದಿನ ಗೇಟು ದಾಟದಿದ್ರೆ ಅವರ ಸಿಗರೇಟು ತಾನಾಗೇ ಬಿಟ್ಟುಹೋಗುತ್ತೆ.”