ಕಂಟ್ರೋಲ್ ಒತ್ತಿ ಹಿಡಿ

ಮಾರ್ಚ್ 3, ಸೋಮವಾರ

ಮೊಮ್ಮಗಳ ಬಾಯಿಗೆ ಟೀ ಹಿಡಿದೆ. ತಲೆ ಬಾಚಿದೆ. ಸ್ಕೂಟರಿನಿಂದ ಬಿದ್ದು ಎರಡೂ ಕೈಗೆ ಪ್ಲಾಸ್ಟರ್. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಆಸ್ಪತ್ರೆಗಳಲ್ಲಿ ಟೋಕನ್ ಕೂಗುವ ಪ್ರೋಗ್ರಾಂ ಬರೆಯುತ್ತಿದ್ದಳು, ಮೊದಲಿನಿಂದ ಅವಳೊಬ್ಬಳೇ ಕಟ್ಟಿದ್ದು. ಮುಂದಿನ ಮಂಗಳವಾರ ಓಡಿಸಿ ತೋರಿಸದಿದ್ದರೆ ಆ ಕೆಲಸ ಬೇರೆಯವರ ಪಾಲು. ಬಾಯಲ್ಲಿ ಹೇಳಿ ಬರೆಸಲು ನೋಡಿದಳು. ಕಂಪ್ಯೂಟರಿಗೆ ಕಿವಿ ಮಂದ.

ಮಗ ಅಂದ, "ಹೋದ್ರೆ ಹೋಗ್ಲಿ ಬಿಡು."

"ಮುರಿದಿರೋದು ಅವಳ ಕೈ. ನಂದಲ್ಲ" ಎಂದೆ.

ನಕ್ಕ. ನಗಲಿ.

ಮಾರ್ಚ್ 4

ನನಗೆ ಬರುವುದು ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಅಷ್ಟಕ್ಕೇ ಶಾಲೆ ಬಿಡಿಸಿದ್ದರು. ಕೀಬೋರ್ಡಿನ ಮೇಲಿರುವುದೂ ದೊಡ್ಡಕ್ಷರವೇ. ಪರದೆಯಲ್ಲಿ ಬೀಳುವುದು ಚಿಕ್ಕದು... ಕಳ್ಳ ಯಂತ್ರ. ಒಂದು ಸಾಲು ಹುಡುಕಿ ಒತ್ತುವಷ್ಟರಲ್ಲಿ ಟೀ ಆರಿತು.

ಮೊಮ್ಮಗಳು ಗೆಳತಿಯನ್ನು ಕರೆಸಿ ಕೋಡ್ ಬರೆಯುವ ಎಡಿಟರಿನಲ್ಲಿ ಸಿದ್ಧ ಅಚ್ಚುಗಳನ್ನು ಹಾಕಿಸಿದಳು. ಕಂಟ್ರೋಲ್ ಒತ್ತಿ ಹಿಡಿದು ಒಂದೋ ಎರಡೋ ಅಂಕಿ ಒತ್ತಿದರೆ ಕೋಡಿನ ಇಡೀ ತುಂಡು ಬಂದು ಬೀಳುತ್ತದೆ, ಖಾಲಿ ಜಾಗದ ಸಮೇತ. ಟ್ಯಾಬ್ ಒತ್ತಿದರೆ ಮುಂದಿನ ಖಾಲಿ ಜಾಗ. ಅವಳು ಹೇಳಿದ್ದನ್ನು ತುಂಬಿದರಾಯಿತು. ಒಂದು ಅಂದರೆ ಸಾಲಿನಲ್ಲಿರುವವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುವುದು. ಎರಡು ಅಂದರೆ ಹೀಗಿದ್ದರೆ ಇದು, ಇಲ್ಲದಿದ್ದರೆ ಅದು.

"ನಿಮ್ಮಪ್ಪನಿಗೂ ಯಾರೋ ಎರಡನ್ನೇ ಒತ್ತಿದಾರೆ ಕಣೇ. ಬಾಯಿ ಬಿಟ್ರೆ ಹಾಗಿದ್ರೆ, ಹೀಗಿದ್ರೆ."

"ಅಜ್ಜೀ, ನಗಿಸ್ಬೇಡ, ಕೈ ನೋಯತ್ತೆ!"

ಮಾರ್ಚ್ 7

ಪ್ರೋಗ್ರಾಂ ಓಡಲಿಲ್ಲ. ಪರದೆ ತುಂಬ ಕೆಂಪು ಗೆರೆ.

ಅಚ್ಚಿನಲ್ಲಿ ತೆರೆಯುವ ಕಂಸ, ಮುಚ್ಚುವ ಕಂಸ ಎರಡೂ ಬರುತ್ತವೆ. ನಾನು ನಂಬಲಿಲ್ಲ. ಅವಳು ಅತ್ತ ತಿರುಗಿದಾಗಲೆಲ್ಲ ಕೊನೆಗೆ ಇನ್ನೊಂದು ಮುಚ್ಚುವ ಕಂಸ ಜಡಿದೆ. ಬೇರೆಯವರು ಚಿಲಕ ಹಾಕಿದರೂ ಎದ್ದು ಹೋಗಿ ನೋಡುವವಳು ನಾನು.

"ಯಾಕಜ್ಜಿ ಹಾಕ್ದೆ?"

"ತಾನೇ ಮುಚ್ಕೊಳತ್ತೆ ಅಂತ ನೀನು ಹೇಳಿದ್ಯಾ?"

ಮಗ ಬಾಗಿಲಲ್ಲಿ ನಿಂತು, "ನಾನ್ ಹೇಳ್ಲಿಲ್ವಾ ಅಮ್ಮ" ಅಂದ. ಮೊಮ್ಮಗಳು ಮುಸುಕೆಳೆದು ಮಲಗಿದಳು. ಊಟ ಬೇಡವಂತೆ.

ನನಗೆ ಬೇಕು. ಉಂಡೆ. ಮತ್ತೆ ಕೀಬೋರ್ಡಿನ ಮುಂದೆ ಕೂತೆ.

ಮಾರ್ಚ್ 10, ಸೋಮವಾರ

ಬರೆಯಲು ಪುರುಸೊತ್ತಿರಲಿಲ್ಲ. ಕಂಸ ಕೀಳುತ್ತಿದ್ದೆ. ಒಂದು ಕಿತ್ತರೆ ಒಂದಷ್ಟು ಕೆಂಪು ಹೋಗುತ್ತದೆ, ಸೀರೆಗಂಟಿದ ಮುಳ್ಳು ಬಿಡಿಸಿದ ಹಾಗೆ. ನಿನ್ನೆ ಮೊಮ್ಮಗಳು ತಾನೇ ಎದ್ದು ಬಂದು ಪಕ್ಕದಲ್ಲಿ ಕೂತಳು. "ಮುಂದಿನದು ಎರಡು" ಎಂದಳು. ಒತ್ತಿದೆ. ಬಂತು. ಟಕ್ಕನೆ ಬಲಗೈಯನ್ನು ತೊಡೆಯಡಿ ಸೇರಿಸಿಬಿಟ್ಟೆ. ಮತ್ತೆ ಕಂಸ ಜಡಿದೀತು, ಆ ಕೈಯ ಮೇಲೆ ನನಗೇ ನಂಬಿಕೆಯಿಲ್ಲ.

ಮಾರ್ಚ್ 11, ಮಧ್ಯಾಹ್ನ

ಓಡಿತು! ಟೋಕನ್ ಕೂಗಿತು! ಅವಳ ಆಫೀಸಿನ ಮ್ಯಾನೇಜರ್ ವಿಡಿಯೋ ಕಾಲಿನಲ್ಲಿ ಪರದೆಯೊಳಗಿಂದ ನೋಡಿದ.

"ಗುಡ್. ಉಳಿದದ್ದನ್ನ ಬೇರೆಯವರು ಮಾಡ್ಲಿ, ನೀವು ರೆಸ್ಟ್ ತಗೊಳ್ಳಿ."

ಕುರ್ಚಿ ಎಳೆದುಕೊಂಡು ಮುಂದೆ ಬಂದೆ.

"ಯಾಕಪ್ಪಾ? ಹೇಳಿದ ದಿನಕ್ಕೆ ಓಡ್ತಲ್ಲ?"

"ತಾವು...?"

"ಟೈಪ್ ಮಾಡೋಳು. ತಲೆ ಅವಳದು, ತಲೆಗೇನು ಪ್ಲಾಸ್ಟರ್ ಹಾಕಿಲ್ಲ. ಕಿತ್ಕೊಳ್ಳೋದಾದ್ರೆ ತಪ್ಪು ತೋರ್ಸಿ ಕಿತ್ಕೊಳ್ಳಿ."

ಕಣ್ಣು ಮಿಟುಕಿಸದೆ ಕೋಡಿನಲ್ಲಿ ತಪ್ಪು ಹುಡುಕಿದ. ಇಂಟರ್ನೆಟ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಸರಿ... ಮುಂದಿನ ಭಾಗನೂ ಅವರೇ ಮಾಡ್ಲಿ."

ಮಗ ಹೌಹಾರಿದ. "ಅಮ್ಮ, ಮ್ಯಾನೇಜರ್ ಹತ್ರ ಹೀಗಾ ಮಾತಾಡೋದು?"

"ನೀನು ಮಾತಾಡಿದ್ರೆ ನಾನ್ಯಾಕೆ ಮಾತಾಡ್ತಿದ್ದೆ?"

ಮಾರ್ಚ್ 12

ಹೊಸ ಅಚ್ಚು ಬಂದಿದೆ. ಕಂಟ್ರೋಲ್ ಜೊತೆ ಮೂರು. ತಪ್ಪಾದರೆ ಏನು ಮಾಡಬೇಕೆಂದು ಮೊದಲೇ ಹೇಳಿಡುವುದಂತೆ. ತಪ್ಪಾಗಲಿ, ನೋಡೇ ಬಿಡೋಣ. ಮೊಮ್ಮಗಳು ಆಗಲೇ ಕರೆಯುತ್ತಿದ್ದಾಳೆ. ಬಂದೆ ಕಣೇ, ಎಷ್ಟು ಕೂ—