ರೈಲು ಹನ್ನೊಂದು ನಿಮಿಷ ನಿಲ್ಲುವ ಊರು

ಬೋರ್ಗೊ ಸಾನ್ ಗ್ರಾಟೊ
೫ ನವೆಂಬರ್ ೨೦೦೬, ಭಾನುವಾರ

ನನ್ನ ಮುದ್ದು ಒರ್ನೆಲ್ಲಾ,

ನೀನು ಫೋನ್ ಕುಕ್ಕಿ ಇಂದಿಗೆ ಇಪ್ಪತ್ತೆರಡು ದಿನ. ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಬರೆಯಲು ತಡವಾದದ್ದಕ್ಕೆ ಬೈಯಬೇಡ. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಫೋನಿನಲ್ಲೇ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೆದರಿ ಚಳಿ, ಮಂಡಿನೋವು ಎಂದು ಮಾತು ತೇಲಿಸುತ್ತೇನೆ. ಇದನ್ನು ಕೊನೆಯವರೆಗೂ ಓದು. ಆಮೇಲೆ ನೀನೂ ಒಲೆಗೆ ಹಾಕು.

ಮೊದಲು ಸುದ್ದಿ. ಬೆಟ್ಟದ ನೆತ್ತಿಗೆ ಹಿಮ ಬಿದ್ದಾಗಿದೆ. ಸೌದೆ ಬಂದು ಇಳಿದಿದೆ. ಮನೆ ಸದ್ಯಕ್ಕೆ ಬಾಡಿಗೆಯದ್ದೇ. ಇದೇ ಇಪ್ಪತ್ತನಾಲ್ಕಕ್ಕೆ, ಶುಕ್ರವಾರ ಬೆಳಿಗ್ಗೆ, ನೋಟರಿಯ ಮುಂದೆ ಕ್ರಯಪತ್ರ. ಗೊತ್ತಲ್ಲ, ನಮ್ಮಲ್ಲಿ ನೋಟರಿ ಇಡೀ ಪತ್ರವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ಆಮೇಲೆಯೇ ಸಹಿ. ಆ ಓದು ಕೇಳುವಾಗ ಪಕ್ಕದಲ್ಲಿ ನೀನು ಇರಬೇಕೆಂದು ನನ್ನ ಆಸೆ. ಆದರೆ ನೀನು ಬಂದು ಕೂರುವುದಕ್ಕೆ ಮೊದಲು ಇದು ಯಾವ ಮನೆ ಎಂದು ನಾನು ಹೇಳಬೇಕು. ಇಷ್ಟು ದಿನ ಹೇಳಿಲ್ಲ.

ಹೋದ ಬೇಸಿಗೆಯಲ್ಲಿ ನನಗೊಂದು ಮನೆ ಹುಡುಕಲು ನೀನು ಪಟ್ಟಿ ಹಿಡಿದುಕೊಂಡು ನನ್ನನ್ನು ಊರೂರು ಸುತ್ತಿಸಿದೆ. ಬಿಸಿಲಿಗೆ ಇಷ್ಟು ಅಂಕ, ಆಸ್ಪತ್ರೆಗೆ ಇಷ್ಟು, ಬಸ್ಸಿಗೆ ಇಷ್ಟು. ಲಿಗೂರಿಯಾದ ಆ ಸಮುದ್ರದ ಊರಿನಲ್ಲಿ ಮೆಟ್ಟಿಲು ಜಾಸ್ತಿ ಎಂದೆ ನಾನು. ಅಬ್ರುತ್ಸೊದಲ್ಲಿ ಅಗ್ಗಕ್ಕೆ ಸಿಕ್ಕ ಕಲ್ಲಿನ ಮನೆಗೆ ತೇವದ ವಾಸನೆ ಎಂದೆ. ಕಡೆಗೆ ಪೂಲ್ಯಾದಲ್ಲಿ ನಮ್ಮ ಸ್ವಂತ ಊರಿಗೇ ಹೋದರೆ, ಬೇಕರಿಯವಳು ನಿನ್ನ ಮುಂದೆಯೇ "ಸ್ವಿಸ್ ಅಮ್ಮನವರು ಬಂದ್ರು, ದಾರಿ ಬಿಡ್ರಪ್ಪೋ" ಎಂದು ನಕ್ಕಳು. ನಾನು ಮುಖ ಊದಿಸಿಕೊಂಡು ಕಾರು ಹತ್ತಿದೆ. ಎಲ್ಲವೂ ನೆಪ, ಮಗಳೇ. ನೀನು ಗಡಿಯಾಚೆ ಬೀಲ್‌ಗೆ ವಾಪಸಾದ ಮರುವಾರವೇ ನಾನು ಒಬ್ಬಳೇ ಇಲ್ಲಿಗೆ ಬಂದು ಮುಂಗಡ ಕೊಟ್ಟೆ. "ಇಟಲಿ ಪೂರ್ತಿ ಬಿದ್ದಿದೆ, ಆ ಕೊರೆಯೋ ಗಡಿ ಊರೇ ಬೇಕಾ ನಿಂಗೆ?" ಎಂದು ನೀನು ಕಿರುಚಿದಾಗ, ಡಾಕ್ಟರ್ ಒಳ್ಳೆಯವರು, ನಿನ್ನ ಊರಿಗೆ ನೇರ ರೈಲಿದೆ ಎಂದೆನಲ್ಲ, ಅದೂ ನೆಪ.

ಇದು ಸನ್ಯಾಸಿನಿಯರ ಮನೆ, ಒರ್ನೆಲ್ಲಾ. ನಿನ್ನ ಅಣ್ಣ ಸಾವೆರಿಯೊ ಇದ್ದ ಮನೆ.

ಸನ್ಯಾಸಿನಿಯರು ಬಿಟ್ಟು ಹೋಗಿ ಹದಿನೈದು ವರ್ಷವಾಯಿತಂತೆ. ಯಾರೋ ಕೊಂಡು, ಗೋಡೆ ಎಬ್ಬಿಸಿ, ಆರು ಮನೆ ಮಾಡಿದ್ದಾರೆ. ಬ್ರೋಕರ್ ಫೌಸ್ತೊ ಮೂರನೇ ಮಹಡಿಯ ಬಾಗಿಲು ತೆಗೆದು, "ನೋಡಿ ಸಿನ್ಯೋರಾ, ಎಂಥ ಗೋಡೆ! ಪಕ್ಕದ ಮನೇಲಿ ಮದುವೆ ಆದ್ರೂ ಕೇಳ್ಸಲ್ಲ" ಎಂದ. ಆಮೇಲೆ ದನಿ ತಗ್ಗಿಸಿ, "ಮುಂಚೆ ಇಲ್ಲಿ ಮಕ್ಳು ಮಲಗ್ತಿದ್ವಂತೆ. ಗಡಿ ಆಚೆ ದುಡಿಯೋರ ಮಕ್ಳು. ಈಗ ಎಲ್ಲ ಬಣ್ಣ ಬಳ್ದಿದೆ, ಚಿಂತೆ ಮಾಡ್ಬೇಡಿ" ಎಂದ. ಅಡುಗೆಮನೆಯ ಗೋಡೆಯಲ್ಲಿ ನನ್ನ ಸೊಂಟದೆತ್ತರಕ್ಕೆ ಒಂಬತ್ತು ಕಬ್ಬಿಣದ ಕೊಕ್ಕೆಗಳಿವೆ. ಮಕ್ಕಳು ಕೋಟು ನೇತುಹಾಕುವ ಕೊಕ್ಕೆಗಳು. ಕಿತ್ತು ಕೊಡುತ್ತೇನೆಂದ, ಬೇಡವೆಂದೆ. ಸಾವೆರಿಯೊನ ಬಟ್ಟೆಗಳಿಗೆಲ್ಲ ನಾನೇ ಕೆಂಪು ದಾರದಲ್ಲಿ ಇಲ್ಲಿ ಅವನಿಗೆ ಕೊಟ್ಟ ಅಂಕಿ, ಇಪ್ಪತ್ತೇಳು ಎಂದು ಹೊಲಿದು ಕಳಿಸಿದ್ದೆ. ಕೊಕ್ಕೆಯ ಮೇಲಿನ ಅಂಕಿಗಳೆಲ್ಲ ಬಣ್ಣದಡಿ ಹೋಗಿವೆ, ಯಾವುದು ಅವನದೋ ತಿಳಿಯದು. ಹಾಗಾಗಿ ಒಂದೊಂದು ದಿನ ಒಂದೊಂದಕ್ಕೆ ನನ್ನ ಕೋಟು ಹಾಕುತ್ತೇನೆ.

ನಿನಗೆ ಸಿಟ್ಟು ಬರುತ್ತಿದೆ, ಗೊತ್ತು. ಅಪ್ಪನ ತಿಥಿಯ ದಿನ ನೀನು ಅಂದದ್ದು ನನ್ನ ಕಿವಿಯಲ್ಲೇ ಇದೆ: "ಅವನಿಗೆ ಅಂಗಳ ಸಿಕ್ತು, ಚೆಂಡು ಸಿಕ್ತು. ನಂಗೆ ಸಿಕ್ಕಿದ್ದು ಕಪಾಟು." ಸುಳ್ಳಲ್ಲ. ನನಗೂ ಅಪ್ಪನಿಗೂ ಸ್ವಿಟ್ಜರ್ಲೆಂಡಿನಲ್ಲಿ ದುಡಿಯಲು ವರ್ಷಕ್ಕೆ ಒಂಬತ್ತೇ ತಿಂಗಳ ಪರವಾನಗಿ, ಮಕ್ಕಳನ್ನು ತರುವಂತಿಲ್ಲ. ಸಿಕ್ಕಿಬಿದ್ದರೆ ಮರುದಿನವೇ ನಾಲ್ವರೂ ಗಡಿಯಾಚೆ. ಬಾಡಿಗೆಯ ಆ ಒಂದು ಕೋಣೆಯಲ್ಲಿ ಒಂದು ಮಗುವನ್ನು ಬಚ್ಚಿಡಬಹುದಿತ್ತು, ಎರಡನ್ನಲ್ಲ. ನೀನು ನಾಲ್ಕು ವರ್ಷಕ್ಕೇ ಸದ್ದಿಲ್ಲದ ಮಗು. ಅವನು ಆರು ವರ್ಷದವನು, ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು. ಅವನನ್ನು ಇಲ್ಲಿ ಬಿಟ್ಟದ್ದು ಅದಕ್ಕೆ, ನಗುತ್ತಾನೆಂದು. ನಿನಗೆ ದಪ್ಪ ಉಣ್ಣೆಯ ಕಾಲುಚೀಲ ಹೆಣೆದು, ಚಪ್ಪಲಿ ಹಾಕಬೇಡ, ನಲ್ಲಿ ತಿರುಗಿಸಬೇಡ, ಯಾರಾದರೂ ಬಾಗಿಲು ತಟ್ಟಿದರೆ ಕಪಾಟಿಗೆ ಹೋಗು ಎಂದು ಕಲಿಸಿ, ಹೊರಗಿನಿಂದ ಬೀಗ ಹಾಕಿ ಗಡಿಯಾರದ ಕಾರ್ಖಾನೆಗೆ ಓಡುತ್ತಿದ್ದೆ. ನೀನು ಇವತ್ತಿಗೂ ಮನೆಯೊಳಗೆ ಹೀಲ್ಸ್ ಚಪ್ಪಲಿ ಹಾಕಿ ಟಕಟಕ ಎಂದು ಓಡಾಡುವುದು ಯಾಕೆಂದು ನನಗೆ ಗೊತ್ತಿಲ್ಲವೇ?

ನಾನು ಮಾತ್ರ ಇನ್ನೂ ಕಾಲುಚೀಲದಲ್ಲೇ ನಡೆಯುತ್ತೇನೆ. ಬೆಳಿಗ್ಗೆ ಏಳಕ್ಕೆ ಮೊದಲು ನಲ್ಲಿ ಬಿಡುವುದಿಲ್ಲ. ನಾನು ಬಂದ ಹೊಸತರಲ್ಲೇ ಕೆಳಗಿನ ಮನೆಯ ಎರ್ಮಿನಿಯಾ ಬಾಗಿಲು ತಟ್ಟಿದಳು. ಎಪ್ಪತ್ತೊಂಬತ್ತರ ಮುದುಕಿ, ಇದೇ ಊರಿನವಳು. ಮೂವತ್ತು ವರ್ಷ ಸ್ಟೇಷನ್ನಿನಲ್ಲಿ ಗಾಡಿ ತಳ್ಳಿಕೊಂಡು ಕಾಫಿ ಮಾರಿದವಳು, ದನಿ ಇನ್ನೂ ಹಾಗೇ ಇದೆ. "ಬದುಕಿದೀರಾ ಸಿನ್ಯೋರಾ? ಮೇಲುಗಡೆ ಯಾರೋ ಇದಾರೆ ಅಂತ ಫೌಸ್ತೊ ಹೇಳ್ದ, ಒಂದ್ ಹೆಜ್ಜೆ ಸದ್ದಿಲ್ಲ. ಸತ್ತೋರೇ ನಿಮಗಿಂತ ಜಾಸ್ತಿ ಗದ್ದಲ ಮಾಡ್ತಾರೆ" ಎಂದಳು. ಹೆಸರು ಹೇಳಿದೆ. "ಇಂಕೊರೊನಾತಾ! ಅಬ್ಬಾ, ಕರೆಯೋಷ್ಟ್ರಲ್ಲಿ ಕಾಫಿ ಆರಿಹೋಗತ್ತೆ" ಎಂದಳು. ಅಂದಿನಿಂದ ದಿನಾ ಕೂರುತ್ತೇವೆ. ಅವಳಿಗೆ ನಾನು ಬೀಲ್‌ನಲ್ಲಿ ದುಡಿದ ವಿಧವೆ ಎಂದಷ್ಟೇ ಗೊತ್ತು.

ಹೋದ ಬುಧವಾರ ಬೆಳಿಗ್ಗೆ ಅವಳು ಹುರಿದ ಚೆಸ್ಟ್‌ನಟ್ ಹಿಡಿದು ಬಂದಳು. ಒಳಗೆಲ್ಲ ಇಣುಕಿ, "ಎಲ್ಲಿ ಪುಟಾಣಿ?" ಎಂದಳು. ಯಾವ ಪುಟಾಣಿ ಎಂದೆ. "ಅಯ್ಯೋ, ಬಚ್ಚಿಡ್ತೀರಲ್ಲ! ಮೊಮ್ಮಗ ಅಲ್ವಾ? ಬೆಳಿಗ್ಗೆಯಿಂದ ಆ ಗೋಡೆಯಿಂದ ಈ ಗೋಡೆಗೆ ಓಡಿದ್ದೇ ಓಡಿದ್ದು. ಓಡ್ಲಿ ಬಿಡಿ, ನಂಗೇನೂ ತೊಂದ್ರೆ ಇಲ್ಲ."

ನೀರಿನ ಪೈಪು ಇರಬೇಕು ಎಂದೆ. "ಪೈಪು ನಗತ್ತಾ?" ಎಂದಳು.

ನಿನ್ನಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನನಗೆ ಏನೂ ಕೇಳಿಸಿಲ್ಲ. ಅದೇ ನನ್ನ ಸಂಕಟ. ಅವನಿಗೆಂದೇ ಬಂದವಳು ನಾನು, ಉಸಿರು ಬಿಗಿ ಹಿಡಿದು ಕೂತರೂ ನನಗೆ ಗಡಿಯಾರದ ಸದ್ದು ಬಿಟ್ಟು ಬೇರೆ ಕೇಳುವುದಿಲ್ಲ. ಕಾಫಿ ಮಾರುತ್ತಿದ್ದವಳಿಗೆ ಕೇಳುತ್ತದೆ. ಒಮ್ಮೊಮ್ಮೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಮರುದಿನ ಸತ್ತವರ ಹಬ್ಬ. ನಮ್ಮೂರಿನ ಹಾಗೆ ಗೋಧಿ ಬೇಯಿಸಿ, ದಾಳಿಂಬೆ, ಅಕ್ರೋಟು ಬೆರೆಸಿದೆ. ನಿನಗೆ ನೆನಪಿದೆಯೇ, ಹಬ್ಬದ ಹಿಂದಿನ ದಿನ ಮಕ್ಕಳು ಕಾಲುಚೀಲ ನೇತುಹಾಕಿದರೆ ಮನೆಯ ಸತ್ತ ಹಿರಿಯರು ಬಂದು ಅದರಲ್ಲಿ ತಿಂಡಿ ತುಂಬಿ ಹೋಗುತ್ತಿದ್ದದ್ದು? ಸತ್ತದ್ದೇ ಮಗುವಾದರೆ ಅದಕ್ಕೆ ಯಾರು ತರಬೇಕು? ನಾನೇ ಒಂದು ಕಾಲುಚೀಲಕ್ಕೆ ಒಣ ಅಂಜೂರ, ಸಕ್ಕರೆ ಬಾದಾಮಿ ತುಂಬಿ ನಡುವಿನ ಕೊಕ್ಕೆಗೆ ಹಾಕಿದೆ. ನಿನ್ನ ಹಳೆಯ ಕಾಲುಚೀಲವೇ ಅದು, ಬೂದು ಉಣ್ಣೆಯದ್ದು, ಹೇಳದೆ ಇಟ್ಟುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಹಾಕಿದ ಹಾಗೇ ಇತ್ತು. ಅರವತ್ತಮೂರು ವರ್ಷದ ಹೆಂಗಸು ಬೇರೆ ಏನು ಕಾಣುತ್ತೇನೆಂದುಕೊಂಡಿದ್ದಳೋ! ಕೂತು ಅತ್ತುಬಿಟ್ಟೆ. ಬಾದಾಮಿಯನ್ನು ಎರ್ಮಿನಿಯಾ ತಿಂದಳು.

ಆಗ ನನಗೆ ಹೊಳೆಯಿತು, ಇಪ್ಪತ್ತನಾಲ್ಕಕ್ಕೆ ಸಹಿ ಹಾಕಬೇಕೋ ಬೇಡವೋ ಎಂಬುದು ನಾನೊಬ್ಬಳೇ ತೀರ್ಮಾನಿಸುವ ಮಾತಲ್ಲ. ಅಂದು ನಿಮ್ಮಿಬ್ಬರಲ್ಲಿ ಯಾರು ಎಲ್ಲಿ ಎಂದು ನಾನು ಯಾರನ್ನೂ ಕೇಳದೆ ಗೊತ್ತುಮಾಡಿದೆ. ಈ ಸಲ ನಿನ್ನನ್ನು ಕೇಳುತ್ತಿದ್ದೇನೆ. ಒಂದು ದಿನ ಮುಂಚೆ ಬಾ. ನಿನ್ನ ಹೀಲ್ಸ್ ಚಪ್ಪಲಿ ಹಾಕಿಕೊಂಡೇ ಒಳಗೆ ಬಾ, ಮನೆ ಪೂರ್ತಿ ಸುತ್ತು, ನೆಲ ಅದುರಲಿ. ಆಮೇಲೆ ಬೇಡ ಎಂದರೆ, ಮುಂಗಡ ಹೋದರೆ ಹೋಗಲಿ, ಪೆಟ್ಟಿಗೆ ಕಟ್ಟಿಕೊಂಡು ನೀನು ತೋರಿಸಿದ ಸಮುದ್ರದ ಊರಿಗೆ ಹೋಗುತ್ತೇನೆ. ಹೂಂ ಎಂದರೆ ಪಕ್ಕದಲ್ಲಿ ಕೂತು ಓದು ಕೇಳು.

ಬೆಟ್ಟದ ಆಚೆ ನಿನಗೂ ಚಳಿ ಶುರುವಾಗಿರಬೇಕು, ಕುತ್ತಿಗೆ ಮುಚ್ಚಿಕೊಂಡು ಹೊರಗೆ ಹೋಗು. ದೇವಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ಜೋರಾಗಿ ನಗು, ಮಗಳೇ, ಯಾರಿಗೆ ಕೇಳಿದರೂ ಚಿಂತೆಯಿಲ್ಲ.

ನಿನ್ನ
ಅಮ್ಮ

ಮರೆತಿದ್ದು: ಮರೆತಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

೧೯೬೯ರ ಸೆಪ್ಟೆಂಬರಿನಲ್ಲಿ ನಿನ್ನ ಅಜ್ಜಿ ತೀರಿಕೊಂಡಾಗ ನಿನ್ನನ್ನು ಅಪ್ಪನ ಬಳಿ ಬಿಟ್ಟು ಒಬ್ಬಳೇ ಊರಿಗೆ ಹೊರಟೆನಲ್ಲ, ಆ ರೈಲು ಇಲ್ಲಿ ಎಂಜಿನ್ ಬದಲಿಸಲು ಹನ್ನೊಂದು ನಿಮಿಷ ನಿಲ್ಲುತ್ತಿತ್ತು. ಸಾವೆರಿಯೊನನ್ನು ಪ್ಲಾಟ್‌ಫಾರ್ಮಿಗೆ ಕರೆತನ್ನಿ ಎಂದು ಸನ್ಯಾಸಿನಿಯರಿಗೆ ತಂತಿ ಕೊಟ್ಟಿದ್ದೆ. ಕರೆತಂದಿದ್ದರು. ತಲೆ ಬಾಚಿತ್ತು. ಅದರ ಹಿಂದಿನ ಸಲ ಬಿಟ್ಟು ಬರುವಾಗ ನನ್ನ ಕೋಟಿನಿಂದ ಅವನ ಬೆರಳು ಬಿಡಿಸಲು ಇಬ್ಬರು ಬೇಕಾಗಿದ್ದರು. ಇಳಿದರೆ ನಾನು ಮತ್ತೆ ಹತ್ತಲಾರೆ ಎನಿಸಿತು. ಕಿಟಕಿಯ ಪರದೆ ಎಳೆದೆ. ಹನ್ನೊಂದು ನಿಮಿಷವೂ ಅದರ ಹಿಂದೆ ಬಾಯಿಗೆ ಕೈ ಒತ್ತಿ ಕೂತೆ. ಡಿಸೆಂಬರಿನಲ್ಲಿ ಪರವಾನಗಿ ಮುಗಿದಾಗ ಕರೆದೊಯ್ಯುತ್ತೇನಲ್ಲ ಎಂದುಕೊಂಡೆ. ನವೆಂಬರ್ ಹನ್ನೊಂದಕ್ಕೆ ಅವನು ನ್ಯುಮೋನಿಯಾದಲ್ಲಿ ಹೋದ. ನಾನಿದ್ದ ಬೋಗಿ ಯಾವುದೆಂದು ಅವನಿಗೆ ತಿಳಿಯಲಿಲ್ಲ, ಅಮ್ಮ ಬರಲಿಲ್ಲವೆಂದೇ ಅಂದುಕೊಂಡ ಎಂದು ಮೂವತ್ತೇಳು ವರ್ಷ ನಂಬಿ ಬದುಕಿದೆ.

ನಿನ್ನೆ ಎರ್ಮಿನಿಯಾ ಸ್ಟೇಷನ್ನಿನ ಕಥೆ ಹೇಳುತ್ತಿದ್ದಳು. "ನನ್ನ ಬಾಯಿ ಮುಚ್ಚಿಸಿದೋನು ಜೀವಮಾನದಲ್ಲಿ ಒಬ್ಬನೇ, ಸಿನ್ಯೋರಾ. ಸನ್ಯಾಸಿನಿಯರ ಹುಡುಗ, ಇಷ್ಟುದ್ದ. ಯಾವಾಗ್ಲೂ ಕಿಲಕಿಲ ಅಂತಿದ್ದೋನು. ಅವತ್ತು ನಾನು 'ಕಾಫೀ, ಬಿಸಿ ಕಾಫೀ' ಅಂತ ಕೂಗ್ತಾ ಹೋಗ್ತಿದ್ರೆ, ತುದಿಗಾಲಲ್ಲಿ ಬಂದು ಬಾಯ್ಮೇಲೆ ಬೆರಳಿಟ್ಟ. ಪರದೆ ಎಳೆದಿದ್ದ ಒಂದ್ ಕಿಟಕಿ ತೋರಿಸ್ದ. 'ಶ್, ಮೆಲ್ಲಗೆ. ನಮ್ಮಮ್ಮ ಮಲ್ಕೊಂಡಿದಾಳೆ, ತುಂಬ ದಣಿದಿದಾಳೆ' ಅಂದ. ರೈಲು ಹೋಗೋ ತನಕ ಅಲ್ಲೇ ಕಾವಲು ನಿಂತಿದ್ದ. ಒಂದ್ ಸದ್ದು ಮಾಡ್ಲಿಲ್ಲ."