ನಾಲ್ಕನೇ ಸಲದ ಹಾರಾಟ

ಹೆಲಿಕಾಪ್ಟರ್ ನೆಲೆ,
ಮೇ ೧೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದರೂ ನೀನು ಕೇಳ್ತಿಲ್ಲವಂತೆ. ಚಾಡಿ ಹೇಳಿದ್ದು ಅಕ್ಕನೇ, ನನ್ನನ್ನು ಬೈಬೇಡ.

ನಿನ್ನ ಮಗ ಜನರಲ್ ಆಗಿ ಇವತ್ತಿಗೆ ಒಂಬತ್ತು ದಿನ. ಭುಜಕ್ಕೆ ಹೊಸ ಪಟ್ಟಿ ಹಾಕುವಾಗ ನಿನ್ನ ಸೊಸೆಯ ಕೈ ಜಾರಿ ಪಿನ್ನು ನನಗೇ ಚುಚ್ಚಿತು. ಕಮಕ್ ಕಿಮಕ್ ಅನ್ನದೆ ನಿಂತೆ. ಎಲ್ಲರೂ ಶಿಸ್ತು ಅಂದುಕೊಂಡರು. ದೊಡ್ಡ ಮೇಜು, ಮೂರು ಫೋನು ಕೊಟ್ಟಿದ್ದಾರೆ, ಹೆಲಿಕಾಪ್ಟರ್ ಮಾತ್ರ ಕಿತ್ತುಕೊಂಡಿದ್ದಾರೆ. ಇನ್ನು ನಾನು ಹಾರೋ ಹಾಗಿಲ್ಲ, ಬೇರೆಯವರನ್ನು ಕಳಿಸಬೇಕು ಅಷ್ಟೆ.

ಅದು ಎಷ್ಟು ಕಷ್ಟ ಅಂತ ಗುರುವಾರ ಗೊತ್ತಾಯಿತು. ಬೆಟ್ಟದ ಮೇಲಿನ ಕಾವಲು ಠಾಣೆಯ ಹತ್ತಿರ ಹಿಮ ಕುಸಿಯಿತು. ಗಾಯಗೊಂಡವರನ್ನು ಇಳಿಸಲು ಹೋದವಳು ನಮ್ಮಲ್ಲಿ ಹೆಲಿಕಾಪ್ಟರ್ ಹಾರಿಸೋ ಒಬ್ಬ ಕ್ಯಾಪ್ಟನ್, ನಿನ್ನ ಮೊಮ್ಮಗಳಿಗಿಂತ ಎರಡೇ ವರ್ಷ ದೊಡ್ಡವಳು. ಮೂರು ಸಲ ಹೋಗಿ ಆರು ಜನರನ್ನು ತಂದಳು. ಒಬ್ಬ ಸೈನಿಕ ಇನ್ನೂ ಮೇಲೇ ಉಳಿದ. ಅಷ್ಟರಲ್ಲಿ ಮೋಡ ಕವಿಯಿತು. "ಸರ್, ಇನ್ನೊಂದೇ ಸಲ" ಅಂದಳು. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಬೆಟ್ಟಕ್ಕೆ, ಅಂಥದೇ ಮೋಡದಲ್ಲಿ, ನಾಲ್ಕನೇ ಸಲ ನುಗ್ಗಿ ಇಬ್ಬರನ್ನು ತಂದಿದ್ದಕ್ಕೇ ಅಲ್ಲವಾ ನನಗೆ ಪದಕ ಸಿಕ್ಕಿದ್ದು? ಆದರೂ ಬೇಡ ಅಂದೆ. ಮುಖ ತಿರುಗಿಸಿಕೊಂಡು ಹೋದಳು. ನಲವತ್ತು ನಿಮಿಷ ಕಿಟಕಿ ಬಿಟ್ಟು ಕದಲಲಿಲ್ಲ ಅಮ್ಮಾ. ಅವನು ಸತ್ತರೂ ನನ್ನ ತಲೆ ಮೇಲೆ, ಇವಳು ಬಿದ್ದರೂ ನನ್ನ ತಲೆ ಮೇಲೆ. ಮೋಡ ತುಸು ಹರಿದ ಕೂಡಲೇ ಹೋಗು ಅಂದೆ. ತಂದಳು. ಜೀವ ಉಳಿಯಿತು, ಒಂದು ಪಾದ ಉಳಿಯಲಿಲ್ಲ. ಬೇಗ ಕಳಿಸಿದ್ದರೆ ಅದೂ ಉಳಿಯುತ್ತಿತ್ತಾ ಅಂತ ಡಾಕ್ಟರನ್ನು ಕೇಳಿದೆ. ಹೇಳೋದು ಕಷ್ಟ ಸರ್ ಅಂದು ಅವರು ಮುಂದಿನ ಹಾಸಿಗೆಗೆ ಹೋದರು.

ಅಕ್ಕನನ್ನೂ ಭಾವನನ್ನೂ ಕೇಳಿದೆ ಅಂತ ಹೇಳು. ನಿನ್ನ ಆಶೀರ್ವಾದ ನನಗಿಂತ ಆ ಹುಡುಗಿಗಿರಲಿ ಈಗ.

ನಿನ್ನ
ಚಿಕ್ಕೋನು

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಪದಕ ಸಿಕ್ಕ ಆ ಹಾರಾಟದ ದಿನ ರೇಡಿಯೋ ಕೆಟ್ಟಿತ್ತು, ಕಮಾಂಡರ್ ವಾಪಸ್ ಬಾ ಅಂದಿದ್ದು ಕೇಳಿಸಲಿಲ್ಲ ಅಂತ ನಿನಗೂ ಹೇಳಿದ್ದೆ, ಎಲ್ಲರಿಗೂ ಹೇಳಿದ್ದೆ. ಸುಳ್ಳು. ಚೆನ್ನಾಗಿ ಕೇಳಿಸಿತ್ತು. ನಿನ್ನೆ ನನ್ನ ಹಳೇ ಕಮಾಂಡರ್ ಮನೆ ಹುಡುಕಿಕೊಂಡು ಹೋಗಿ ಒಪ್ಪಿಕೊಂಡೆ. ಅವರು ನಕ್ಕರು. "ಗೊತ್ತಿತ್ತು ಕಣಯ್ಯಾ. ನೀನು ನೆಲಕ್ಕಿಳಿಯೋವರೆಗೂ ನಾನು ಕೂತಿರಲಿಲ್ಲ" ಅಂದರು.